ಬಿದ್ದದ್ದು ಎಲ್ಲಿ, ನಿಜ ಹೇಳಿ
(ಅಲ್ ಕೂಜ್‌ನಲ್ಲಿ ನಡೆದ ಕಾರ್ಮಿಕರ ಕೂಟದಲ್ಲಿ ಆಡಿದ ಮಾತು)

 

ನಾವು ಮೂಟೆ ಹೊರುವವರಲ್ಲ, ಆಫೀಸಿನಲ್ಲಿ ಕೂತು ಲೆಕ್ಕ ಬರೆಯುವವರು. ಆದರೆ ಅಕ್ಕಿ, ಈರುಳ್ಳಿ, ಪಶು ಆಹಾರದ ಗೋದಾಮುಗಳ ಸಂಬಳದ ಪಟ್ಟಿ ನಮ್ಮಂಥವರ ಕೈ ದಾಟಿಯೇ ಹೋಗುವುದು. ಅದರಲ್ಲಿ ಒಂದು ಹೆಸರು ತಟ್ಟನೆ ಇಲ್ಲವಾದರೆ, ಏನಾಯ್ತು ಅಂತ ಕೇಳದೆ ಇರಲಾಗುವುದಿಲ್ಲ.

ಹಾಗೆ ಕೇಳಿ ತಿಳಿದದ್ದು ಇದು. ನಮ್ಮ ಕರಾವಳಿಯ ಹುಡುಗನೊಬ್ಬ ಮೇಲಿನ ರ‍್ಯಾಕಿನ ಅಕ್ಕಿ ಮೂಟೆ ಇಳಿಸಲು ಫೋರ್ಕ್‌ಲಿಫ್ಟಿನ ಬರೀ ಪ್ಯಾಲೆಟ್ ಮೇಲೆ ನಿಂತು ಹೋಗಿದ್ದ. ಪ್ಯಾಲೆಟ್ ವಾಲಿತು, ಬಿದ್ದ, ಸೊಂಟ ಮುರಿಯಿತು. ದಾರಿಯಲ್ಲೇ ಸೂಪರ್‌ವೈಸರ್, "ಬಾತ್‌ರೂಮಿನಲ್ಲಿ ಜಾರಿದೆ ಅಂತ ಹೇಳು, ಕೆಲಸ ಉಳಿಯುತ್ತೆ" ಅಂದನಂತೆ. ಹುಡುಗ ಹಾಗೇ ಹೇಳಿದ. ಕೆಲಸ ಉಳಿಯಲಿಲ್ಲ, ಪರಿಹಾರವೂ ಸಿಗಲಿಲ್ಲ. ಆಸ್ಪತ್ರೆಯ ಕಾಗದದಲ್ಲಿ ಬಾತ್‌ರೂಮ್ ಅಂತಲೇ ಬರೆದಾಗಿತ್ತು.

ನಾಲ್ಕು ಮೀಟರ್ ಎತ್ತರದಿಂದ ನೆಲ ಮುಟ್ಟಲು ಒಂದು ಸೆಕೆಂಡೂ ಬೇಡ. ಪ್ಯಾಲೆಟ್ ಇರುವುದು ಸರಕಿಗೆ, ಮನುಷ್ಯರಿಗಲ್ಲ. ಸುತ್ತ ಕಂಬಿ ಇರುವ ಬುಟ್ಟಿ ಕೇಳಿ, ಸೇಫ್ಟಿ ಬೆಲ್ಟ್ ಕೇಳಿ. ಮೂಟೆಗಳ ಅಟ್ಟಿ ಹತ್ತಬೇಡಿ. ಮಾಡಿನ ಪ್ಲಾಸ್ಟಿಕ್ ಶೀಟಿನ ಮೇಲೆ ಕಾಲಿಡಬೇಡಿ. ಯಾರಾದರೂ ಬಿದ್ದರೆ ಎತ್ತಿ ಕಾರಿಗೆ ಹಾಕಬೇಡಿ, ಬೆನ್ನುಮೂಳೆ ಕೆಟ್ಟೀತು. 998ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರುತ್ತದೆ.

ಇನ್ನು ನಮ್ಮ ಲೆಕ್ಕ. 2022ರ ಫೆಬ್ರವರಿಯಿಂದ ಜಾರಿಯಲ್ಲಿರುವ ಇಲ್ಲಿನ ಕಾರ್ಮಿಕ ಕಾನೂನಿನ ಪ್ರಕಾರ, ಕೆಲಸದಲ್ಲಿ ಗಾಯವಾದರೆ ಚಿಕಿತ್ಸೆಯ ಖರ್ಚು ಮಾಲೀಕನದು. ಚಿಕಿತ್ಸೆ ನಡೆಯುವಾಗ ಆರು ತಿಂಗಳವರೆಗೆ ಪೂರ್ತಿ ಸಂಬಳ, ಆಮೇಲೂ ಗುಣವಾಗದಿದ್ದರೆ ಇನ್ನಾರು ತಿಂಗಳು ಅರ್ಧ. ಜೀವ ಹೋದರೆ ಮನೆಯವರಿಗೆ 24 ತಿಂಗಳ ಬೇಸಿಕ್ ಸಂಬಳ. 18 ಸಾವಿರ ದಿರ್ಹಮಿಗೆ ಕಡಿಮೆಯಿಲ್ಲ, 2 ಲಕ್ಷಕ್ಕೆ ಹೆಚ್ಚಿಲ್ಲ.

'ಬೇಸಿಕ್' ಅನ್ನುವ ಪದವನ್ನು ಗಮನಿಸಿ. ಕೈಗೆ 1,500 ಬರುತ್ತಿದ್ದರೂ ಕಾಂಟ್ರಾಕ್ಟಿನಲ್ಲಿ ಬೇಸಿಕ್ 800 ಇದ್ದರೆ, ಮನೆಗೆ ಸಿಗುವುದು 36,000 ಅಲ್ಲ, 19,200. ಸಹಿ ಹಾಕುವ ಮೊದಲು ಆ ಸಾಲು ಓದಿ. ಓದಲು ಬಾರದಿದ್ದರೆ ನಮ್ಮಲ್ಲಿಗೆ ತನ್ನಿ, ಸಂಕೋಚ ಬೇಡ.

ಊರಿನಲ್ಲಿರುವ ಮನೆಯವರೇ, ಆ ಕಾಂಟ್ರಾಕ್ಟಿನ ಫೋಟೊ ನಿಮ್ಮ ಮೊಬೈಲಿನಲ್ಲೂ ಇರಲಿ. ಮಾಲೀಕ ಒಪ್ಪದಿದ್ದರೆ ಕಾರ್ಮಿಕ ಸಚಿವಾಲಯದ 600590000, ಭಾರತೀಯ ದೂತಾವಾಸದ ಸಹಾಯ ಕೇಂದ್ರದ 80046342 ಇವೆ.

ಕೊನೆಯ ಮಾತು ಇಷ್ಟೆ. ಡಾಕ್ಟರು ಹೇಗಾಯ್ತು ಅಂತ ಕೇಳಿದಾಗ ಗೋದಾಮಿನಲ್ಲಿ ಬಿದ್ದದ್ದನ್ನು ಗೋದಾಮಿನಲ್ಲಿ ಅಂತಲೇ ಹೇಳಿ. ಆ ಒಂದು ಮಾತಿನ ಮೇಲೆ ಮನೆಯವರ ಅನ್ನ ನಿಂತಿರುತ್ತದೆ.