ಸದನದ ಶಹಬ್ಬಾಸ್‌ಗಿರಿ

ವ್ಯಾಪಾರಿಗಳ ಸಂಘವೊಂದನ್ನು ಹೊಗಳಿ ಶಾಸನಸಭೆ ಅಂಗೀಕರಿಸುವ ನಿರ್ಣಯಕ್ಕೆ ಕಾನೂನಿನ ಬಲವಿಲ್ಲ. ಅದರಿಂದ ತೆರಿಗೆ ಇಳಿಯುವುದಿಲ್ಲ, ಖಜಾನೆಯ ದುಡ್ಡು ಯಾರ ಕೈಗೂ ಹೋಗುವುದಿಲ್ಲ, ಹೊಸ ಹಕ್ಕೂ ಹುಟ್ಟುವುದಿಲ್ಲ. ಆದರೂ ಅಮೆರಿಕದ ರಾಜ್ಯಗಳ ಶಾಸನಸಭೆಗಳಲ್ಲಿ ಇಂಥ ನಿರ್ಣಯಗಳು ಅಧಿವೇಶನಕ್ಕೊಮ್ಮೆ ರಾಶಿಗಟ್ಟಲೆ ಬರುತ್ತವೆ. ಕರ್ನಾಟಕದ ವಿಧಾನಮಂಡಲದಲ್ಲಿ ಅಗಲಿದ ಗಣ್ಯರಿಗೆ ಸಂತಾಪ ಸೂಚಿಸುವುದು ಎಲ್ಲರಿಗೂ ಗೊತ್ತಿರುವ ಪದ್ಧತಿ. ಅಮೆರಿಕದಲ್ಲಿ ಸದನದ ಗೌರವ ಶಾಲೆಯ ಆಟಗಾರರಿಗೂ ಸಲ್ಲುತ್ತದೆ, ಅಂಗಡಿ, ಕಚೇರಿ, ಗೋದಾಮುಗಳ ವಹಿವಾಟು ನಡೆಸುವವರ ಸಂಘಗಳಿಗೂ ಸಲ್ಲುತ್ತದೆ.

ಈ ರೂಢಿ ಆ ದೇಶ ಹುಟ್ಟುವುದಕ್ಕೂ ಮುಂಚಿನದು. 1776ರ ಮಾರ್ಚ್‌ನಲ್ಲಿ ಬ್ರಿಟಿಷ್ ಸೇನೆ ಬಾಸ್ಟನ್ ಬಿಟ್ಟು ಹೋದಾಗ ಕಾಂಟಿನೆಂಟಲ್ ಕಾಂಗ್ರೆಸ್ ಜಾರ್ಜ್ ವಾಷಿಂಗ್ಟನ್‌ಗೆ ವಂದನೆ ಸಲ್ಲಿಸಿ ಚಿನ್ನದ ಪದಕ ಕೊಡಲು ತೀರ್ಮಾನಿಸಿತು. ಸ್ವಾತಂತ್ರ್ಯ ಘೋಷಣೆಗೆ ಆಗಿನ್ನೂ ಮೂರು ತಿಂಗಳಿಗೂ ಹೆಚ್ಚು ಕಾಲವಿತ್ತು. ಅಂದಿನ ಪದಕ ದಂಡನಾಯಕನಿಗೆ ಸಂದದ್ದು. ವ್ಯಾಪಾರಿ ಸಂಘಗಳು ಆ ಸಾಲಿಗೆ ಬಂದು ನಿಂತದ್ದು ಬಹಳ ತಡವಾಗಿ.

ಕಟ್ಟಡ, ಆಸ್ತಿ ವಹಿವಾಟಿನ ಇಂಥ ಸಂಘಗಳ ತವರು ಷಿಕಾಗೋ. 1885ರಲ್ಲಿ ಅಲ್ಲಿ ಲೋಹದ ಚೌಕಟ್ಟಿನ, ಹತ್ತು ಅಂತಸ್ತಿನ ಹೋಮ್ ಇನ್ಶೂರೆನ್ಸ್ ಕಟ್ಟಡ ಎದ್ದಿತು. ಅಂಥ ಕಟ್ಟಡಕ್ಕೆ ಲಿಫ್ಟ್ ನಡೆಸುವವರು, ಬಾಯ್ಲರ್ ಕಾಯುವವರು, ಬಾಡಿಗೆ ವಸೂಲಿ ಮಾಡುವವರು ಬೇಕು. ಕಟ್ಟಡ ನೋಡಿಕೊಳ್ಳುವುದೇ ಒಂದು ಕಸುಬಾಯಿತು. ಆ ಕಸುಬಿನವರು 1907ರಲ್ಲಿ ಕಟ್ಟಿಕೊಂಡ ಸಂಘವೇ ಇಂದಿನ ಬೋಮಾ. ಮರುವರ್ಷ ಅದೇ ಊರಿನಲ್ಲಿ 120 ಮಂದಿ ಸೇರಿ ಆಸ್ತಿ ದಲ್ಲಾಳಿಗಳ ರಾಷ್ಟ್ರೀಯ ಸಂಘ ಸ್ಥಾಪಿಸಿದರು. ನ್ಯಾಷನಲ್ ಅಸೋಸಿಯೇಷನ್ ಆಫ್ ರಿಯಲ್ಟರ್ಸ್ ಎಂಬುದು ಅದರ ಈಗಿನ ಹೆಸರು. ಷಾಪಿಂಗ್ ಸೆಂಟರ್‌ಗಳವರ ಸಂಘ 1957ರಲ್ಲೂ, ಕೈಗಾರಿಕಾ ಪಾರ್ಕ್ ಕಟ್ಟುವವರ ನಯೋಪ್ 1967ರಲ್ಲೂ ಬಂದವು.

ಹೊಗಳಲು ಇವುಗಳಲ್ಲಿ ಏನೂ ಇಲ್ಲವೆಂದಲ್ಲ. ಬಾಡಿಗೆಯ ಕಚೇರಿಯನ್ನು ಗೋಡೆಯ ಯಾವ ಮಗ್ಗುಲಿನಿಂದ ಅಳೆಯಬೇಕು, ಕಂಬ ನಿಂತ ಜಾಗ ಯಾರ ಲೆಕ್ಕಕ್ಕೆ ಎಂಬುದು ಮಾಲೀಕರಿಗೂ ಬಾಡಿಗೆದಾರರಿಗೂ ಸದಾ ಇದ್ದ ತಗಾದೆ. ಬೋಮಾ 1915ರಲ್ಲಿ ಅದಕ್ಕೊಂದು ಅಳತೆಯ ಮಾನದಂಡ ಪ್ರಕಟಿಸಿತು. ಅದರ ಪರಿಷ್ಕೃತ ರೂಪಗಳು ಇಂದಿಗೂ ಬಳಕೆಯಲ್ಲಿವೆ. ಇನ್ನೊಂದು ಮುಖವೂ ಇದೆ. ಆಸ್ತಿಯ ಬೆಲೆಗೆ ಧಕ್ಕೆ ತರುವಂಥ ಜನಾಂಗದವರನ್ನು ಯಾವ ಬಡಾವಣೆಗೂ ತಂದು ಸೇರಿಸಬಾರದೆಂದು ರಿಯಲ್ಟರ್‌ಗಳ 1924ರ ನೀತಿಸಂಹಿತೆ ಹೇಳುತ್ತಿತ್ತು. ಕಪ್ಪು ದಲ್ಲಾಳಿಗಳು 1947ರಲ್ಲಿ ಫ್ಲಾರಿಡಾದ ಟ್ಯಾಂಪಾದಲ್ಲಿ ತಮ್ಮದೇ ಬೇರೆ ಸಂಘ ಕಟ್ಟಿಕೊಳ್ಳಬೇಕಾಯಿತು. ಅಭಿನಂದನೆಯ ಧಾಟಿಯಲ್ಲಿ ಇಂಥ ಸಂಗತಿಗೆ ಜಾಗ ಸಿಗುವುದು ಕಷ್ಟ; ಸನ್ಮಾನಪತ್ರ ಬರೆಯುವವರ ಹಾದಿ ಎಲ್ಲ ದೇಶದಲ್ಲೂ ಒಂದೇ.

ನಿರ್ಣಯ ತಯಾರಾಗುವ ಬಗೆಗೆ ಟೆಕ್ಸಾಸ್ ಒಳ್ಳೆಯ ಉದಾಹರಣೆ. ಅಲ್ಲಿನ ಶಾಸನಸಭೆಯ ಸಾಮಾನ್ಯ ಅಧಿವೇಶನ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ, 140 ದಿನದೊಳಗೆ ಮುಗಿಯಬೇಕು. ಆ ಇಕ್ಕಟ್ಟಿನಲ್ಲೂ ಹೊಗಳಿಕೆಗೆ ಬಿಡುವುಂಟು. ಸಂಘ ಹುಟ್ಟಿದ ವರ್ಷ, ಸದಸ್ಯರ ಸಂಖ್ಯೆ, ಮಾಡಿದ ಕೆಲಸಗಳು ಒಂದೊಂದೂ ‘ಹೀಗಿರಲಾಗಿ’ ಎಂಬಂಥ ಒಕ್ಕಣೆಯಲ್ಲಿ ಸಾಲಾಗಿ ಬಂದು, ಆದಕಾರಣ ಸದನ ಈ ಸಂಘವನ್ನು ಗೌರವಿಸುತ್ತದೆ ಎಂಬಲ್ಲಿಗೆ ಮುಟ್ಟುತ್ತವೆ. ಅತಿಥಿಗಳು ಗ್ಯಾಲರಿಯಲ್ಲಿ ಎದ್ದು ನಿಂತರೆ ಕೆಳಗಿನಿಂದ ಚಪ್ಪಾಳೆ. ನಿರ್ಣಯದ ಒಂದು ಅಧಿಕೃತ ಪ್ರತಿ ಸಂಘದ ಹೆಸರಿಗೆ ಸಿದ್ಧವಾಗಲಿ ಎಂಬುದು ಕೊನೆಯ ಸಾಲು. ಒಂದೇ ಸದನದ ನಿರ್ಣಯವಾದರೆ ಗವರ್ನರ್ ಸಹಿಯೂ ಬೇಡ. ಸಂಘಕ್ಕೆ ಇದರಿಂದ ಆಗುವ ಲಾಭ ಆ ಹಾಳೆಯಲ್ಲಿ ಇಲ್ಲ. ಚಪ್ಪಾಳೆ ಮುಗಿದ ಮೇಲೆ ಶಾಸಕರ ಕೊಠಡಿಗೆ ಹೋಗಿ ಆಸ್ತಿ ತೆರಿಗೆಯ ಮಾತು ತೆಗೆಯುವುದಕ್ಕೆ ಅದು ಸಲೀಸಾದ ದಾರಿ.

ಖರ್ಚಿಲ್ಲದ್ದಕ್ಕೆ ಅಂಕೆಯೂ ಇರುವುದಿಲ್ಲ. 1971ರ ಏಪ್ರಿಲ್ 1ರಂದು ವೇಕೋದ ಪ್ರತಿನಿಧಿ ಟಾಮ್ ಮೂರ್ ಅದೇ ಟೆಕ್ಸಾಸ್ ಕೆಳಮನೆಯಲ್ಲಿ ಆಲ್ಬರ್ಟ್ ಡಿಸಾಲ್ವೊ ಎಂಬಾತನನ್ನು ಪ್ರಶಂಸಿಸುವ ನಿರ್ಣಯ ಮಂಡಿಸಿದರು. ಜನಸಂಖ್ಯೆ ನಿಯಂತ್ರಣದಲ್ಲಿ ಆತ ಹೊಸ ವಿಧಾನ ಅನುಸರಿಸಿದನೆಂಬುದು ಕಾರಣ. ಸದನ ಸರ್ವಾನುಮತದಿಂದ ಒಪ್ಪಿತು. ಡಿಸಾಲ್ವೊ ಬಾಸ್ಟನ್ನಿನ ಹೆಂಗಸರ ಸರಣಿ ಕೊಲೆಗಳನ್ನು ತಾನೇ ಮಾಡಿದ್ದಾಗಿ ಹೇಳಿಕೊಂಡಿದ್ದವನು. ಸಹೋದ್ಯೋಗಿಗಳು ಏನನ್ನೂ ಓದದೆ ಕೈ ಎತ್ತುತ್ತಾರೆಂದು ತೋರಿಸಿಕೊಟ್ಟ ಮೂರ್ ನಿರ್ಣಯವನ್ನು ಹಿಂದಕ್ಕೆ ಪಡೆದರು.

ವಾಷಿಂಗ್ಟನ್ನಿನಲ್ಲಿ ಹಾವಳಿ ಇನ್ನೂ ಜೋರಾಗಿತ್ತು. 1980ರ ದಶಕದಲ್ಲಿ ಕಾಂಗ್ರೆಸ್ ಮಾಡಿದ ಕಾನೂನುಗಳಲ್ಲಿ ಸುಮಾರು ಮೂರನೇ ಒಂದು ಭಾಗ ಇಂಥ ದಿನ, ಇಂಥ ವಾರ ಎಂದು ಸಾರುವಂಥವೇ ಆಗಿದ್ದವು. 1995ರಲ್ಲಿ ಕೆಳಮನೆ ಅಂಥ ಮಸೂದೆ ಮಂಡಿಸುವುದನ್ನೇ ನಿಷೇಧಿಸಿತು. ಸದಸ್ಯರು ಬಗ್ಗಲಿಲ್ಲ. ದಿನ, ವಾರ ಘೋಷಿಸುವ ಬದಲು ಇಂಥ ದಿನದ ಆಶಯವನ್ನು ಬೆಂಬಲಿಸುತ್ತೇವೆ ಎಂದು ಬರೆದು ಸಾದಾ ನಿರ್ಣಯ ತಂದರು. 2011ರಲ್ಲಿ ಬಹುಮತ ಪಕ್ಷದ ನಾಯಕ ಎರಿಕ್ ಕ್ಯಾಂಟರ್ ಅಭಿನಂದನೆಯ ನಿರ್ಣಯಗಳನ್ನು ಕಲಾಪದ ಪಟ್ಟಿಯಿಂದಲೇ ದೂರವಿಟ್ಟರು. ಹೊಗಳಲೇಬೇಕೆಂದವರಿಗೆ ಕಾಂಗ್ರೆಷನಲ್ ರೆಕಾರ್ಡ್ ಎಂಬ ನಡಾವಳಿ ಪುಸ್ತಕದಲ್ಲಿ ತಮ್ಮ ಮಾತು ಸೇರಿಸುವ ಹಾದಿಯಂತೂ ತೆರೆದೇ ಇತ್ತು. ಟೆಕ್ಸಾಸ್ ಹೊಗಳಿಕೆಯನ್ನು ಬಿಡಲಿಲ್ಲ. ಅಭಿನಂದನೆ ಮತ್ತು ಸಂತಾಪಗಳಿಗೇ ಒಂದು ಪ್ರತ್ಯೇಕ ಪಟ್ಟಿ ಮಾಡಿ, ಅಭಿನಂದನೆಗಳನ್ನೆಲ್ಲ ಒಟ್ಟಿಗೆ ಅಂಗೀಕರಿಸುತ್ತದೆ. ಸಂತಾಪಗಳಿಗೆ ಮಾತ್ರ ಸದಸ್ಯರು ಎದ್ದು ನಿಲ್ಲುತ್ತಾರೆ.