ಹೊಸ ಸಹೋದರನ ಮೊದಲ ಲೆಕ್ಕ

(ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬದಂದು, ಶ್ರೀಸಾಮಾನ್ಯರ ಫ್ರಾನ್ಸಿಸ್ಕನ್ ಸಭೆಗೆ ಹೊಸಬರನ್ನು ಬರಮಾಡಿಕೊಳ್ಳುವ ಸಂದರ್ಭದಲ್ಲಿ ಜಾಲಹಳ್ಳಿಯಲ್ಲಿ ನೀಡಿದ ಪ್ರಬೋಧನೆ)



ಸಂತ ಫ್ರಾನ್ಸಿಸರು 1226ರ ಅಕ್ಟೋಬರ್ 3ರ ಸಂಜೆ ಪ್ರಭುವಿನ ಬಳಿಗೆ ಹೋದರು. ಮರುದಿನವನ್ನು ನಾವು ಅವರ ಹಬ್ಬವಾಗಿ ಆಚರಿಸುತ್ತೇವೆ. ನಮ್ಮ ಧರ್ಮಪ್ರಾಂತ್ಯಕ್ಕೆ ಅವರು ಹೊಸಬರೇನಲ್ಲ. 1949ರಲ್ಲಿ ಬಳ್ಳಾರಿ ಧರ್ಮಪ್ರಾಂತ್ಯ ಸ್ಥಾಪನೆಯಾದಾಗ ಮೊದಲ ಧರ್ಮಾಧ್ಯಕ್ಷರಾದ ಜಾನ್ ಫಾರೆಸ್ಟ್ ಹೋಗನ್ ಅವರು ಫ್ರಾನ್ಸಿಸ್ಕನರು. ಅವರ ನಂತರ ಬಂದ ಅಂಬ್ರೋಸ್ ಯೆದ್ದನಪಲ್ಲಿ ಅವರೂ ಅದೇ ಸಭೆಯವರು. ಕಂದು ನಿಲುವಂಗಿ, ಸೊಂಟಕ್ಕೆ ಹಗ್ಗ ಕಟ್ಟಿದ ಗುರುಗಳನ್ನು ನಮ್ಮ ಹಿರಿಯರಲ್ಲಿ ಹಲವರು ಕಂಡಿದ್ದಾರೆ.

ಆದರೆ ಇಂದು ಮುಂದೆ ಬರುವವರು ನಿಲುವಂಗಿ ತೊಡುವುದಿಲ್ಲ. ಮನೆ ಬಿಡುವುದಿಲ್ಲ, ಹೊಲ ಬಿಡುವುದಿಲ್ಲ. ನಾಳೆ ಬೆಳಗಾದರೆ ಹತ್ತಿ ಹೊಲಕ್ಕೋ ಕೂಲಿಗೋ ಹೊರಡುವವರೇ. ಹಾಗಿದ್ದರೆ ಇವರಿಗೆ ಹೊಸದಾಗಿ ಶುರುವಾಗುವುದಾದರೂ ಏನು? ಕೊರಳಿಗೊಂದು ಮರದ ಶಿಲುಬೆ, ತಿಂಗಳಿಗೊಂದು ಕೂಟ, ಇಷ್ಟೇ ತಾನೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ.

ಉತ್ತರಕ್ಕಾಗಿ ಎಂಟುನೂರು ವರ್ಷ ಹಿಂದೆ ಹೋಗೋಣ. ಸಂಸಾರಸ್ಥರಿಗಾಗಿ 1221ರಲ್ಲಿ ಒಂದು ಜೀವನಕ್ರಮ ಸಿದ್ಧವಾಯಿತು. ಸಭೆ ಸೇರಲು ಬಂದವನಿಗೆ ಅದು ಮೊದಲು ಕೇಳಿದ್ದು ಎಷ್ಟು ಜಪ ಬರುತ್ತದೆ ಎಂದಲ್ಲ. ಬೇರೆಯವರ ಸೊತ್ತು ಕೈಯಲ್ಲಿದ್ದರೆ ಮೊದಲು ಹಿಂದಿರುಗಿಸಬೇಕಿತ್ತು. ನೆರೆಯವರೊಂದಿಗೆ ಜಗಳವಿದ್ದರೆ ರಾಜಿಯಾಗಬೇಕಿತ್ತು. ಸಲ್ಲಿಸದೆ ಉಳಿದ ದಶಾಂಶವನ್ನು ಸಲ್ಲಿಸಬೇಕಿತ್ತು. ಒಂದು ವರ್ಷ ಹೀಗೆ ಬಾಳಿ ತೋರಿಸಿದ ಮೇಲೆಯೇ ವಾಗ್ದಾನ. ವಾಗ್ದಾನವಾದ ಮೂರು ತಿಂಗಳೊಳಗೆ ಉಯಿಲು ಬರೆದಿಡಬೇಕೆಂಬ ಕಟ್ಟಳೆಯೂ ಇತ್ತು. ತೀರಿಕೊಂಡ ಮೇಲೆ ಮಕ್ಕಳು ಬದುವಿಗಾಗಿ ಬಡಿದಾಡಬಾರದಲ್ಲ! ಬರೆದವರು ಹಳ್ಳಿಯ ಬಾಳನ್ನು ಚೆನ್ನಾಗಿ ಬಲ್ಲವರೇ ಇರಬೇಕು.

ಆ ಕಾಲದವರೇ ಪೊಜ್ಜಿಬೊನ್ಸಿ ಊರಿನ ಲೂಕೇಸಿಯೊ ಮತ್ತು ಅವರ ಮಡದಿ ಬೋನಾದೊನ್ನ. ಮೂರನೆಯ ಸಭೆಗೆ ಸೇರಿದ ಮೊದಲ ದಂಪತಿ ಇವರೆಂದು ಸಂಪ್ರದಾಯ ಹೇಳುತ್ತದೆ. ಲೂಕೇಸಿಯೊ ವ್ಯಾಪಾರಿ. ಅಗ್ಗವಿದ್ದಾಗ ಕಾಳು ಕೊಂಡು ತುಂಬಿಟ್ಟು, ಜನ ಹಸಿದಾಗ ಬೆಲೆ ಏರಿಸಿ ಮಾರುವವನು. ಗಂಜಿನ ಅಡತಿ ಅಂಗಡಿಗೆ ಚೀಲ ಹೊತ್ತು ಹೋದ ನಮಗೆ ಈ ಮನುಷ್ಯ ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ. ಮನಸ್ಸು ತಿರುಗಿದ ಮೇಲೆ ಆತ ಸ್ವಂತ ದುಡಿಮೆಗೆ ಒಂದು ತುಂಡು ಭೂಮಿ ಇಟ್ಟುಕೊಂಡು ಉಳಿದದ್ದನ್ನು ಬಡವರಿಗೆ ಹಂಚಿದ. ಬೋನಾದೊನ್ನ ಇದನ್ನು ಮೊದಲು ಒಪ್ಪಲಿಲ್ಲ. ಮನೆ ನಡೆಸುವವಳಿಗೆ ಡಬ್ಬಿಯ ತಳ ಕಾಣುವ ಭಯ ಇರುತ್ತದೆ, ಅದರಲ್ಲಿ ತಪ್ಪೇನೂ ಇಲ್ಲ. ಒಂದು ದಿನ ಬಡವರಿಗೆ ರೊಟ್ಟಿ ಕೊಡೆಂದು ಗಂಡ ಹೇಳಿದಾಗ, ಎಲ್ಲ ಮುಗಿಯಿತು ಎಂದಳಂತೆ. ಮತ್ತೊಮ್ಮೆ ನೋಡು ಎಂದಾಗ ರೊಟ್ಟಿಯ ಪೆಟ್ಟಿಗೆ ತುಂಬಿತ್ತಂತೆ. ಅಲ್ಲಿಂದ ಮುಂದೆ ಅವಳದೇ ಕೈ ಮುಂದು. 1260ರಲ್ಲಿ ಇಬ್ಬರೂ ಒಂದೇ ದಿನ ಕಣ್ಣುಮುಚ್ಚಿದರು ಎಂದು ಹೇಳುತ್ತಾರೆ. ಪವಾಡದ ಮಾತಿಗಿಂತ ನಮ್ಮನ್ನು ಹಿಡಿದು ನಿಲ್ಲಿಸುವುದು ಬೇರೆ: ಆತನ ಭಕ್ತಿ ಮೊದಲು ಕಂಡದ್ದು ಉಗ್ರಾಣದಲ್ಲಿ. ಯೇಸುಸ್ವಾಮಿ ಮನೆಗೆ ಬಂದ ದಿನ ಜಕ್ಕಾಯನೂ ಎದ್ದು ನಿಂತು ಆಡಿದ್ದು ಹಣದ ಲೆಕ್ಕವನ್ನೇ ಅಲ್ಲವೇ?

ಜಗದ್ಗುರು ಆರನೆಯ ಪೌಲರು 1978ರ ಜೂನ್ 24ರಂದು ಈ ಸಭೆಗೆ ಹೊಸ ನಿಯಮಾವಳಿಯನ್ನು ಅಂಗೀಕರಿಸಿದರು. ಈಗಿನ ಕ್ರಮದಲ್ಲಿ ಕೆಲವು ತಿಂಗಳು ಪರಿಚಯದ ಕಾಲ, ಆಮೇಲೆ ಕಡಿಮೆಯೆಂದರೆ ಒಂದು ವರ್ಷದ ತರಬೇತಿ, ನಂತರ ವಾಗ್ದಾನ. ಹೊಸಬರೇ, ಆತುರ ಬೇಡ. ಈ ತಿಂಗಳುಗಳನ್ನು ಪ್ರಾರ್ಥನೆ ಬಾಯಿಪಾಠ ಮಾಡುವುದಕ್ಕಷ್ಟೇ ಬಳಸಬೇಡಿ. ಕಾಲುವೆ ನೀರಿನ ಸರದಿಯಲ್ಲಿ ಕೆಳಗಿನ ಹೊಲದವನ ಪಾಲು ತಿರುಗಿಸಿಕೊಂಡದ್ದುಂಟೇ? ಕಳೆ ತೆಗೆದ ಅಕ್ಕಂದಿರ ಕೂಲಿ ಬಾಕಿ ಇದೆಯೇ? ಮೇಸ್ತ್ರಿಯಾಗಿ ಜನರನ್ನು ಕರೆದೊಯ್ದವರು ಮುಂಗಡದ ಲೆಕ್ಕ ಸರಿಯಾಗಿ ಹೇಳಿದ್ದೀರಾ? ಅಣ್ಣತಮ್ಮಂದಿರ ಮನೆಗೆ ಎಷ್ಟು ವರ್ಷದಿಂದ ಹೋಗಿಲ್ಲ?

ಇನ್ನೊಂದು ಮಾತನ್ನು ಬಾಯಿಬಿಟ್ಟು ಹೇಳಲೇಬೇಕು. ಸಭೆಯಲ್ಲಿ ಎಲ್ಲರನ್ನೂ ಸಹೋದರ, ಸಹೋದರಿ ಎನ್ನುತ್ತೇವೆ. ಹಾಗೆಂದು ಮನೆಗೆ ಕರೆದವರನ್ನು ಹೊರಗಟ್ಟೆಯಲ್ಲಿ ಕೂಡಿಸಿ ಬೇರೆ ಲೋಟದಲ್ಲಿ ಚಹಾ ಕೊಟ್ಟರೆ, ಅವನು ಸಹೋದರನಾದದ್ದು ಎಲ್ಲಿ? ಕುಷ್ಠರೋಗಿಗಳ ನಡುವೆ ಹೋಗಿ ಅವರ ಸೇವೆ ಮಾಡಿದಲ್ಲಿಂದ ತಮ್ಮ ಹೊಸ ಬಾಳು ಆರಂಭವಾಯಿತು ಎಂದು ಫ್ರಾನ್ಸಿಸರೇ ತಮ್ಮ ಕೊನೆಯ ಬರಹದಲ್ಲಿ ನೆನೆದಿದ್ದಾರೆ.

ಹಳಬರಿಗೂ ಕೆಲಸವಿದೆ. 1221ರ ಕ್ರಮದಲ್ಲಿ ಪ್ರತಿ ಸದಸ್ಯನೂ ತಿಂಗಳ ಕೂಟಕ್ಕೆ ಒಂದು ಸಣ್ಣ ನಾಣ್ಯ ತರುತ್ತಿದ್ದ. ಆ ಹಣ ಮೊದಲು ಹೋಗುತ್ತಿದ್ದುದು ಸಭೆಯ ಬಡವರಿಗೆ, ಅದರಲ್ಲೂ ಕಾಯಿಲೆ ಬಿದ್ದವರಿಗೆ. ನಮ್ಮಲ್ಲಿ ಸುಗ್ಗಿ ಮುಗಿದರೆ ಜನ ಗುಳೆ ಹೋಗುತ್ತಾರೆ. ಬೆಂಗಳೂರಿನಲ್ಲೂ ಒಂದು ಜಾಲಹಳ್ಳಿ ಇದೆ. ಹೆಸರು ಒಂದೇ, ಅಲ್ಲಿ ನಮ್ಮವರಿಗೆ ತಗಡಿನ ಶೆಡ್ಡು. ಹೊಸ ಸಹೋದರ ಮೂರು ಕೂಟಕ್ಕೆ ಬರಲಿಲ್ಲವೆಂದು ಪುಸ್ತಕದಲ್ಲಿ ಗೈರು ಬರೆದರೆ ಸಾಲದು. ಫೋನು ಮಾಡಿ ಕೇಳಬೇಕು. ಊರಲ್ಲಿ ಉಳಿದ ಅವನ ಮುದಿ ತಾಯಿಗೆ ಜ್ವರ ಬಂದರೆ ದೇವದುರ್ಗದ ಆಸ್ಪತ್ರೆಗೆ ಕರೆದೊಯ್ಯುವವರು ಯಾರೆಂದು ಇಂದೇ ಗೊತ್ತು ಮಾಡಿಕೊಳ್ಳಬೇಕು. ಸಾಲ ತೀರಿಸೆಂದು ಹೊಸಬನಿಗೆ ಹೇಳುವ ನಾವು, ಅವನು ಬಡ್ಡಿಯಲ್ಲಿ ಮುಳುಗಿದ್ದರೆ ಸುಮ್ಮನೆ ದಂಡೆಯಲ್ಲಿ ನಿಲ್ಲುವ ಹಾಗಿಲ್ಲ.

ಕಾಣಿಕೆ ತಂದಾಗ ಸಹೋದರನ ಮನಸ್ತಾಪ ನೆನಪಾದರೆ, ಕಾಣಿಕೆಯನ್ನು ಪೀಠದ ಮುಂದೆ ಬಿಟ್ಟು ಮೊದಲು ಹೋಗಿ ರಾಜಿಯಾಗಬೇಕೆಂದು ಪ್ರಭು ಕಲಿಸಿದ್ದಾರೆ. ಈಗ ಹೊಸಬರ ಹೆಸರು ಕರೆಯುತ್ತೇವೆ. ಇಲ್ಲಿ ಕುಳಿತವರಲ್ಲಿ ಯಾರೊಂದಿಗಾದರೂ ಮಾತು ಬಿಟ್ಟಿದ್ದರೆ, ಎದ್ದು ಹೋಗಿ ಅವರನ್ನು ಮಾತಾಡಿಸಿ ಬನ್ನಿ. ಅಲ್ಲಿಯವರೆಗೆ ನಾವು ಕಾಯುತ್ತೇವೆ.