ನಾಲ್ಕು ಭಾನುವಾರಗಳ ಕೌದಿ

(ಸಂಘದ ಹೊಲಿಗೆ ಕೂಟದ ಮೂರನೆಯ ಭಾನುವಾರದ ಸಭೆಯಲ್ಲಿ, ಕೂಟದ ಪರವಾಗಿ ಮಾಡಿದ ಭಾಷಣ)



ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಹೇಳಿಕಳಿಸಿದಾಗ ನಾವು ಒಂದು ಕರಾರು ಹಾಕಿದೆವು. ಮಾತು ನಡೆಯುವಷ್ಟು ಹೊತ್ತೂ ಯಾರೂ ಸೂಜಿ ಕೆಳಗಿಡಬಾರದು. ಈ ಚಾಪೆಯ ಮೇಲೆ ಹಾಸಿರುವ ಕೌದಿ ಇನ್ನೂ ಅರ್ಧದಷ್ಟು ಉಳಿದಿದೆ. ಭಾಷಣಕ್ಕಾಗಿ ಕೆಲಸ ನಿಲ್ಲಿಸುವುದು ದೊಡ್ಡವರಿಗೆ ಒಪ್ಪುತ್ತದೆ, ನಮಗೆ ಕಟ್ಟುವುದಿಲ್ಲ. ಆದುದರಿಂದ ಕಿವಿ ಇತ್ತ ಇರಲಿ, ಕಣ್ಣು ದಾರದ ಮೇಲಿರಲಿ.

ಹೋದ ವಾರ ನಮ್ಮ ಉಡುಪಿ ಕಡೆಯ ತಮ್ಮಂದಿರೊಬ್ಬರು ಬಾಗಿಲಲ್ಲಿ ನಿಂತು, “ಅಕ್ಕಾ, ಕೌದಿ ಅಂದರೆ ಏನು?” ಎಂದು ಕೇಳಿದರು. ಹುಬ್ಬಳ್ಳಿ, ಗದಗ, ವಿಜಯಪುರದ ಕಡೆಯವರೆಲ್ಲ ನಕ್ಕುಬಿಟ್ಟರು. ನಗಬಾರದಿತ್ತು. ಕರಾವಳಿಯ ಸೆಕೆಯಲ್ಲಿ ಬೆಳೆದವರಿಗೆ ಹೊದಿಕೆಯ ಚಿಂತೆ ಕಡಿಮೆ. ಹಾಗಾಗಿ ಮೊದಲು ಅದನ್ನೇ ಹೇಳಿಬಿಡುತ್ತೇವೆ. ಉಟ್ಟು ಉಟ್ಟು ಮೆತ್ತಗಾದ ಹಳೇ ಸೀರೆ, ಧೋತರ, ಅಂಗಿ, ಕುಬಸದ ತುಂಡುಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತೇಪೆ ಇಟ್ಟು, ಒಂದು ತುದಿಯಿಂದ ಸಾಲುಸಾಲಾಗಿ ಸಣ್ಣ ಎಳೆಯ ಹೊಲಿಗೆ ಹಾಕಿ ಕೂಡಿಸಿದ ಹೊದಿಕೆಯೇ ಕೌದಿ. ಈ ಊರಿನ ಮರಾಠಿಗರು ಇದನ್ನು ಗೋಧಡಿ ಎನ್ನುತ್ತಾರೆ. ನಮ್ಮ ಉತ್ತರದ ಹಳ್ಳಿಗಳಲ್ಲಿ ಕೌದಿ ಹೊಲಿದುಕೊಡುವ ಹೆಣ್ಣುಮಕ್ಕಳು ಊರೂರು ತಿರುಗುತ್ತಿದ್ದರು. ಪಡಸಾಲೆಯಲ್ಲಿ ಹಳೇ ಬಟ್ಟೆಯ ಗಂಟು ಬಿಚ್ಚಿ ಕೂತರೆಂದರೆ ಓಣಿಯ ಸುದ್ದಿಯೆಲ್ಲ ಆ ಕೌದಿಯೊಳಗೇ ಹೊಲಿದುಹೋಗುತ್ತಿತ್ತು. ಬಾಣಂತಿಯ ಮನೆಗೆ ಹೊಸ ಬಟ್ಟೆ ತರುತ್ತಿರಲಿಲ್ಲ. ಹೊಸ ಬಟ್ಟೆ ಎಳೆಗೂಸಿನ ಮೈಗೆ ಒರಟು. ಅಜ್ಜಿಯ ಸೀರೆಯೇ ಬೇಕು. ನೂರಾರು ಸಲ ಒಗೆದ ಅರಿವೆಗಿಂತ ಮೆತ್ತನೆಯದು ಯಾವ ಅಂಗಡಿಯಲ್ಲೂ ಸಿಗದು.

ನಮ್ಮಲ್ಲಿ ಕೆಲವರ ಮನೆಗಳಲ್ಲಿ ಇನ್ನೊಂದು ಪದ್ಧತಿ ಉಂಟು. ಕೌದಿಯ ನಡುಮಧ್ಯ ಮುಚ್ಚುವ ಮೊದಲು ಅಲ್ಲಿ ನಾಲ್ಕು ಕಾಳು ಅಕ್ಕಿ ಇಟ್ಟು ಹೊಲಿಯುತ್ತಾರೆ. ಕೌದಿಯ ಹೊಟ್ಟೆ ಖಾಲಿ ಇರಬಾರದಂತೆ. ಹೊದ್ದವರ ಹೊಟ್ಟೆಯೂ ಆಗ ಖಾಲಿ ಬೀಳುವುದಿಲ್ಲವೆಂದು ನಂಬಿಕೆ. ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಹಸಿವು ಕಂಡ ಮನೆಗಳಲ್ಲೇ ಇಂಥ ಮಾತು ಹುಟ್ಟುತ್ತದೆ ಎಂಬುದು ಮಾತ್ರ ನಮಗೆ ಗೊತ್ತು.

ಈಗ ಕ್ರಿಸ್‌ಮಸ್ಸಿಗೂ ಕೌದಿಗೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಸಂಬಂಧ ನಾವು ಕಟ್ಟಿದ್ದಲ್ಲ, ಮೊದಲಿನಿಂದಲೂ ಇದೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡುಗಳ ಅಂಚಿನಲ್ಲಿ ಸಿದ್ದಿ ಜನ ಇದ್ದಾರೆ. ಅವರ ಹಿರಿಯರು ಆಫ್ರಿಕದವರು. ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಗೋವೆಗೆ ಬಂದವರಲ್ಲಿ ಎಷ್ಟೋ ಮಂದಿ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಅವರಲ್ಲಿ ಹಿಂದೂಗಳೂ ಮುಸಲ್ಮಾನರೂ ಕ್ರೈಸ್ತರೂ ಇದ್ದಾರೆ. ಕರ್ನಾಟಕದಲ್ಲಿ ಅವರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ, ಅಷ್ಟು ತಡವಾಗಿ. ಈ ಸಿದ್ದಿ ಹೆಂಗಸರು ಹೊಲಿಯುವ ಹೊದಿಕೆಗೆ ಕವಂದಿ ಎಂದು ಹೆಸರು. ನಾವು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊಲಿದರೆ, ಅವರು ಅಂಚಿನಿಂದ ಹಿಡಿದು ಸುತ್ತುತ್ತ ಸುತ್ತುತ್ತ ಒಳಗೆ ಬಂದು ನಡುವಿನಲ್ಲಿ ಮುಗಿಸುತ್ತಾರೆ. ಕ್ರೈಸ್ತ ಹೆಂಗಸು ತೇಪೆಗಳ ನಡುವೆ ಶಿಲುಬೆಯನ್ನು ಕೂಡಿಸುವುದುಂಟು, ಮುಸಲ್ಮಾನ ಹೆಂಗಸು ಚಂದ್ರನ ಕೊರೆಯನ್ನು. ನಾಲ್ಕು ಮೂಲೆಗೂ ಬಟ್ಟೆಯನ್ನು ಪದರ ಪದರವಾಗಿ ಮಡಿಸಿ ಒಂದೊಂದು ಹೂವು ಕಟ್ಟುತ್ತಾರೆ. ಅದಕ್ಕೆ ಫುಲಾ ಎನ್ನುತ್ತಾರೆ. ಫುಲಾ ಇಲ್ಲದ ಕವಂದಿ ಬರಿಮೈಯಲ್ಲಿದ್ದಂತೆ ಎಂದು ಅವರ ಭಾವನೆ. ಕೊರತೆಯ ಬದುಕಿನಲ್ಲೂ ಮೂಲೆಗೊಂದು ಹೂವು ಬಿಡದ ಈ ಹೆಂಗಸರ ಕವಂದಿಗಳು ಅಮೆರಿಕದಲ್ಲಿ ಪ್ರದರ್ಶನಕ್ಕೂ ಹೋಗಿ ಬಂದಿವೆ. ಹಳೇ ಅಂಗಿಯ ತುಂಡಿಗೆ ಆ ಯೋಗ!

ನಮ್ಮ ಈ ಕೌದಿಯನ್ನೂ ಈ ಸಲ ಸುತ್ತುಹೊಲಿಗೆಯಲ್ಲೇ ಹಾಕಿದ್ದೇವೆ. ಒಂದು ಅನುಕೂಲ ಕೂಡಲೇ ತಿಳಿಯಿತು. ಆರು ಜನ ಸುತ್ತ ಕೂತು ಒಟ್ಟಿಗೆ ಹೊಲಿಯಬಹುದು. ವಾರ ಕಳೆದಂತೆ ಒಬ್ಬರಿಗೊಬ್ಬರು ಹತ್ತಿರ ಸರಿಯುತ್ತೇವೆ.

ಇನ್ನು ಹೋದ ವರ್ಷದ ಮಾತು. ಇದನ್ನು ಹೇಳದೆ ಮುಂದೆ ಹೋಗುವಂತಿಲ್ಲ.

ಹೋದ ವರ್ಷ ನವೆಂಬರಿನಲ್ಲಿ ಒಬ್ಬ ಗುತ್ತಿಗೆದಾರರು ನಮ್ಮ ಚಾಳಿಗೆ ಗೋಣಿಚೀಲ ತುಂಬ ಕೆಂಪು ಬಟ್ಟೆ ತಂದು ಇಳಿಸಿದರು. ಕ್ರಿಸ್‌ಮಸ್ ತಾತನ ಟೊಪ್ಪಿಗೆ. ಕೆಂಪು ಟೊಪ್ಪಿಗೆಗೆ ಬಿಳಿ ಪಟ್ಟಿ, ತುದಿಗೊಂದು ಬಿಳಿ ಗೊಂಡೆ. ಸಿಗ್ನಲ್ಲುಗಳಲ್ಲಿ ಮಾರುತ್ತಾರಲ್ಲ, ಅದೇ. ಮಿಶನ್ನು ನಮ್ಮದು, ದಾರ ನಮ್ಮದು, ವಿದ್ಯುತ್ತಿನ ಬಿಲ್ಲು ನಮ್ಮದು. ಒಂದು ಡಜನ್ ಹೊಲಿದರೆ ಬರುತ್ತಿದ್ದ ಕೂಲಿಯಲ್ಲಿ ಎರಡು ಕಟಿಂಗ್ ಚಹ ಕುಡಿಯಬಹುದಿತ್ತು, ಮೂರನೆಯದಕ್ಕೆ ಸಾಲ ಮಾಡಬೇಕಿತ್ತು. ಪಟ್ಟಿ ಸೊಟ್ಟವೆಂದು ಕೆಲವು ಡಜನ್ ತಿರಸ್ಕಾರ. ತಿರಸ್ಕಾರವಾದ ಟೊಪ್ಪಿಗೆಗೆ ಕೂಲಿಯೂ ಇಲ್ಲ, ಬಟ್ಟೆಯೂ ವಾಪಸಿಲ್ಲ. ಅವೇ ಟೊಪ್ಪಿಗೆಗಳು ಮರುದಿನ ಬೀದಿಯಲ್ಲಿ ಮಾರಾಟಕ್ಕಿದ್ದುದನ್ನು ನಮ್ಮ ಹುಡುಗರೇ ಕಂಡು ಬಂದು ಹೇಳಿದರು. ಸೊಟ್ಟಪಟ್ಟಿ ಗುರುತಿಸಲು ಹೊಲಿದವರಿಗೆ ಕನ್ನಡಕ ಬೇಕೇ?

ನಮ್ಮ ಪಕ್ಕದ ಖೋಲಿಯಲ್ಲಿ ಮಂಗಳೂರಿನ ಕಡೆಯ ಬಾಯಮ್ಮ ಇದ್ದಾರೆ. ಅವರೂ ಈ ಕೆಲಸ ತೆಗೆದುಕೊಂಡಿದ್ದರು. ಹಬ್ಬ ಅವರದೇ. ಆದರೆ ಆ ವರ್ಷ ಅವರ ಮನೆಯಲ್ಲಿ ಕುಸ್ವಾರ್ ಆಗಲಿಲ್ಲ. ನೆವ್ರಿ ಇಲ್ಲ, ಕಿಡಿಯೊ ಇಲ್ಲ, ಗುಳಿಯೊ ಇಲ್ಲ. ಮಕ್ಕಳು ಕಟ್ಟಬೇಕಾದ ಗೋದಲಿ ರಟ್ಟಿನ ಪೆಟ್ಟಿಗೆಯಲ್ಲೇ ಉಳಿಯಿತು. ಡಿಸೆಂಬರ್ 24ರ ರಾತ್ರಿ ಊರೆಲ್ಲ ನಡುರಾತ್ರಿಯ ಪೂಜೆಗೆ ಹೊರಟಾಗ ಬಾಯಮ್ಮ ಕಡೆಯ ಮೂರು ಡಜನ್ ಟೊಪ್ಪಿಗೆಗೆ ಗೊಂಡೆ ಕಟ್ಟುತ್ತಿದ್ದರು. ಇಗರ್ಜಿಯ ಗಂಟೆ ನಮಗೂ ಕೇಳಿಸಿತು. ಅವರು ತಲೆ ಎತ್ತಲಿಲ್ಲ. ನಾವೂ ಅವರ ಜೊತೆ ಕೂತು ಗೊಂಡೆ ಕಟ್ಟಿದೆವು. ಬೆಳಿಗ್ಗೆ ಗುತ್ತಿಗೆದಾರರ ಆಳು ಬರಲಿಲ್ಲ. ಹಬ್ಬ ಮುಗಿದ ಮೇಲೆ ಕ್ರಿಸ್‌ಮಸ್ ಟೊಪ್ಪಿಗೆ ಯಾರಿಗೆ ಬೇಕು? ಆ ಮೂರು ಡಜನ್ ಇಂದಿಗೂ ಬಾಯಮ್ಮನ ಮಂಚದ ಕೆಳಗಿದೆ.

ಈ ಸಂಘದ ಹಿರಿಯರಿಗೆ ಇದು ಹೊಸ ಕಥೆಯೇನಲ್ಲ. ನಿಮ್ಮಲ್ಲಿ ಸಾಂಚಾ ಖಾತೆಯಲ್ಲಿ ನಿಂತು ಕಿವಿ ಕಳೆದುಕೊಂಡವರಿದ್ದೀರಿ. ಈ ನಗರದಲ್ಲಿ ಮೊದಲ ಬಟ್ಟೆ ಗಿರಣಿ ಕಂಪನಿಯನ್ನು ಕಾವಸಜಿ ದಾವರರು 1854ರಲ್ಲಿ ತಾಡದೇವದಲ್ಲಿ ಕಟ್ಟಿದರು. ಗಿರಣಿಗಳಾದವು, ದುಡಿಮೆಗೆ ಮಾತ್ರ ಹಗಲಿಲ್ಲ ಇರುಳಿಲ್ಲ. ನಾರಾಯಣ ಮೇಘಾಜಿ ಲೋಖಂಡೆಯವರು 1884ರಲ್ಲಿ ಕೆಲಸಗಾರರ ಸಭೆ ಸೇರಿಸಿ, ವರ್ಷಗಟ್ಟಲೆ ಬಡಿದಾಡಿದ ಮೇಲೆ, 1890ರ ಜೂನ್ 10ರಂದು ಗಿರಣಿ ಕೆಲಸಗಾರರಿಗೆ ಭಾನುವಾರದ ರಜೆ ಸಿಕ್ಕಿತು. ಆ ಭಾನುವಾರವನ್ನು ಯಾರೂ ದಾನ ಕೊಟ್ಟದ್ದಲ್ಲ. 1948ರ ಕಾರ್ಖಾನೆ ಕಾಯಿದೆ ವಾರಕ್ಕೆ 48 ಗಂಟೆ ಎಂದಿತು, ಹೆಚ್ಚಿನ ಹೊತ್ತಿಗೆ ಇಮ್ಮಡಿ ಕೂಲಿ ಎಂದಿತು. 1982ರ ಜನವರಿ 18ರಂದು ಆರಂಭವಾದ ಮುಷ್ಕರದಲ್ಲಿ ಎರಡೂವರೆ ಲಕ್ಷದಷ್ಟು ಗಿರಣಿ ಕೆಲಸಗಾರರು ಹೊರಬಂದರು. ಬಹಳ ಜನಕ್ಕೆ ಗಿರಣಿ ಬಾಗಿಲು ಮತ್ತೆ ತೆರೆಯಲಿಲ್ಲ. ಆಗ ಮನೆ ನಡೆಸಿದ್ದು ಹೆಂಗಸರ ಖಾನಾವಳಿ, ಹೆಂಗಸರ ಹೊಲಿಗೆ. ಗಿರಣಿ ಹೋಯಿತು, ಕೆಲಸ ಮನೆಯೊಳಗೆ ಬಂತು. ಆದರೆ ಗಿರಣಿಯ ಗೇಟಿನ ಬಳಿ ಹೋರಾಡಿ ಪಡೆದ ಭಾನುವಾರ ಮನೆಯೊಳಗೆ ಬರಲಿಲ್ಲ. ಮನೆಯಲ್ಲಿ ಕೂತು ಹೊಲಿಯುವವರಿಗೆ ಸೈರನ್ನೂ ಇಲ್ಲ, ಪಾಳಿಯೂ ಇಲ್ಲ, ಇಮ್ಮಡಿಯೂ ಇಲ್ಲ. ಮನೆಗೆಲಸದ ಕೂಲಿಕಾರರಿಗಾಗಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1996ರಲ್ಲಿ 177ನೆಯ ಒಡಂಬಡಿಕೆ ಮಾಡಿತು. ಅಂಥವರು ಕೋಟಿಗಟ್ಟಲೆ ಇರುವ ನಮ್ಮ ದೇಶವೇ ಅದಕ್ಕೆ ಒಪ್ಪಿಗೆ ಕೊಟ್ಟವರ ಸಾಲಿನಲ್ಲಿಲ್ಲ. ನಮ್ಮ ಸಂಘ ಈ ವಿಷಯದಲ್ಲಿ ಒಂದು ಅರ್ಜಿಯನ್ನಾದರೂ ಬರೆಯಬೇಕೆಂದು ಅಧ್ಯಕ್ಷರಲ್ಲಿ ಕೇಳಿಕೊಳ್ಳುತ್ತೇವೆ.

ಇರಲಿ. ಈ ವರ್ಷ ಬಾಯಮ್ಮನೇ ನಮಗೆ ಒಂದು ಸಂಗತಿ ಹೇಳಿದರು. ಕ್ರಿಸ್‌ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರ ಅವರಲ್ಲಿ ಆಗಮನ ಕಾಲವಂತೆ. ಗದ್ದಲ ಮಾಡುವ ಕಾಲವಲ್ಲ, ಕಾಯುವ ಕಾಲ. ಪೂಜೆಗೆ ಪಾದ್ರಿಗಳು ನೇರಳೆ ಬಣ್ಣದ ಉಡುಪು ಹಾಕುತ್ತಾರೆ. ಮೂರನೆಯ ಭಾನುವಾರ ಮಾತ್ರ ಗುಲಾಬಿ ಬಣ್ಣ ಹಾಕುವುದುಂಟು, ಸಂತೋಷ ಹತ್ತಿರ ಬಂತೆಂಬ ಗುರುತಿಗೆ. ಇವತ್ತು ಆ ಮೂರನೆಯ ಭಾನುವಾರ. ಎಡಗಡೆಯ ಅಂಚಿನ ಗುಲಾಬಿ ತೇಪೆ ಅದಕ್ಕಾಗಿಯೇ ಇಟ್ಟದ್ದು. ಅದು ನಮ್ಮ ಗದಗಿನ ಅತ್ತೆಯವರ ಕುಬಸ. ಅವರಿಗೆ ಆಗಮನ ಕಾಲದ ಮಾತು ತಿಳಿಯದು, ಕುಬಸ ಕೊಟ್ಟರು, ಸಾಕು.

ಕಾಯುವ ಕಾಲ ಎಂದರೆ ಹೋಟೆಲಿನ ತಮ್ಮಂದಿರಿಗೆ ನಗು ಬರಬಹುದು. ಡಿಸೆಂಬರ್ ಎಂದರೆ ನಿಮಗೆ ಗಿರಾಕಿಯ ನೂಕುನುಗ್ಗಲು, ಗಲ್ಲೆಯ ಮುಂದೆ ಸಾಲು, ಊರಿಗೆ ಹೋಗುವ ರಜೆ ರದ್ದು. ಮಂಗಳೂರಿನ ಕ್ರೈಸ್ತ ಹುಡುಗರು ಹಬ್ಬದ ದಿನವೇ ಬೇರೆಯವರಿಗೆ ಕೇಕು ಬಡಿಸುತ್ತಾರೆ. ಕಳೆದ ಎರಡು ವಾರಗಳಿಂದ ಊಟದ ಗಿರಾಕಿ ಮುಗಿದು ಸಂಜೆಯ ಕಾಫಿಗೆ ಜನ ಸೇರುವುದರೊಳಗಿನ ಆ ಒಂದು ಗಂಟೆಯಲ್ಲಿ ನಿಮ್ಮಲ್ಲಿ ಮೂವರು ಬಂದು ಇಲ್ಲಿ ಕೂರುತ್ತಿದ್ದೀರಿ. ಮೊದಲ ದಿನ ಒಬ್ಬ ಭಟ್ಟರು ದೋಸೆ ತಿರುವಿದ ಕೈಯಿಂದ ಸೂಜಿ ಹಿಡಿದು ಬೆರಳಿಗೆ ನಾಲ್ಕು ಕಡೆ ಚುಚ್ಚಿಕೊಂಡರು. ಈಗ ಅವರ ಸಾಲೇ ಎಲ್ಲರದಕ್ಕಿಂತ ನೆಟ್ಟಗಿದೆ. “ಇಲ್ಲಿ ಯಾರೂ ಆರ್ಡರ್ ಕೂಗುವುದಿಲ್ಲ” ಎಂದು ಅವರೇ ಹೇಳಿದರು.

ಕೈ ಒಂದೇ ಲಯದಲ್ಲಿ ಓಡುವಾಗ ಮನಸ್ಸು ತಣ್ಣಗಾಗುತ್ತದೆ ಎಂಬುದು ನಾವು ಕಂಡುಹಿಡಿದದ್ದಲ್ಲ. ಗಾಂಧೀಜಿಯವರು ಈ ಮುಂಬಯಿಯಲ್ಲೇ ಕಾಯಿಲೆ ಬಿದ್ದು ಮಲಗಿದ್ದಾಗ ಅವರ ಕೋಣೆಯಲ್ಲಿ ಚರಕ ತಿರುಗುತ್ತಿತ್ತು. ತಾನು ಚೇತರಿಸಿಕೊಳ್ಳುವುದರಲ್ಲಿ ಆ ಚರಕದ ಗುಂಯ್‌ಗುಡುವ ದನಿಯ ಪಾಲು ಕಡಿಮೆಯದಲ್ಲ ಎಂದು ಆತ್ಮಕಥೆಯಲ್ಲಿ ಬರೆದಿದ್ದಾರೆ. ಮೈಗಿಂತ ಮನಸ್ಸಿಗೆ ಆದ ಗುಣ ಅದು ಎಂದು ಒಪ್ಪಿಕೊಂಡೂ ಇದ್ದಾರೆ. ಆದರೆ ನಾವು ಒಂದು ಮಾತು ಸೇರಿಸುತ್ತೇವೆ. ಟೊಪ್ಪಿಗೆ ಹೊಲಿಯುವಾಗಲೂ ಕೈ ಒಂದೇ ಲಯದಲ್ಲಿ ಓಡುತ್ತಿತ್ತು. ತಣ್ಣಗಾಗಲಿಲ್ಲ. ಸೂಜಿ ಅದೇ, ಕೈ ಅದೇ, ಹೊತ್ತು ಬೇರೆಯವರದು. ಬಡವರ ಹೆಂಗಸರಿಗೆ ಹೊಲಿಗೆಯಿಂದ ಶಾಂತಿ ಸಿಗುತ್ತದೆಂದು ಹೊಟ್ಟೆ ತುಂಬಿದವರು ಹೇಳುವಾಗ, ಯಾರ ಹೊಲಿಗೆ, ಯಾರ ಹೊತ್ತು ಎಂದು ಕೇಳಿರಿ.

ಅದಕ್ಕೇ ಈ ವರ್ಷ ನವೆಂಬರಿನಲ್ಲಿ ಗೋಣಿಚೀಲ ಬಂದಾಗ ನಾವು ಎಂಟು ಜನ ಒಂದು ಗೊತ್ತುವಳಿ ಮಾಡಿದೆವು. ವಾರದ ಆರು ದಿನ ಯಾವ ಕೆಲಸ ಸಿಕ್ಕರೂ ಮಾಡೋಣ. ಮುಂಗಡ ಕೂಲಿಯಿಲ್ಲದೆ ಚೀಲ ಇಳಿಸಿಕೊಳ್ಳುವುದು ಬೇಡ. ಈ ನಾಲ್ಕು ಭಾನುವಾರದ ಮಧ್ಯಾಹ್ನ ಯಾರ ಗುತ್ತಿಗೆಯನ್ನೂ ಮುಟ್ಟುವುದು ಬೇಡ. ಮುಂಗಡ ಎಂದ ಕೂಡಲೇ ಗುತ್ತಿಗೆದಾರರು ಚೀಲ ಎತ್ತಿಕೊಂಡು ಪಕ್ಕದ ಚಾಳಿಗೆ ನಡೆದರು. ನಮ್ಮ ಎಂಟರಲ್ಲಿ ಒಬ್ಬ ತಂಗಿ ಅವರ ಹಿಂದೆಯೇ ಹೋದಳು. ಮಗನ ಶಾಲೆಯ ಫೀ ಬಾಕಿ ಇತ್ತು. ಅವಳನ್ನು ಯಾರೂ ಆಡಿಕೊಳ್ಳಬಾರದು. ಅವಳ ಫೀ ನಾವು ಕೊಡಲಾರದವರು, ಅವಳಿಗೆ ನೀತಿ ಹೇಳುವ ಹಕ್ಕೂ ನಮಗಿಲ್ಲ. ಅವಳ ಜಾಗ ಅಲ್ಲಿ, ಕಿಟಕಿಯ ಬದಿಗೆ, ಖಾಲಿ ಬಿಟ್ಟಿದ್ದೇವೆ. ಬಂದರೆ ಸೂಜಿ ಕೊಡುತ್ತೇವೆ.

ಈ ಕೌದಿ ಮಾರಾಟಕ್ಕಲ್ಲ. ಬಾಯಮ್ಮನ ಮಗಳಿಗೆ ಈ ತಿಂಗಳ ಕೊನೆಗೆ ಹೆರಿಗೆ. ಅಳಿಯ ಹೋಟೆಲಿನಲ್ಲಿ ಸಪ್ಲೈಯರ್. ಅವರ ಪುಸ್ತಕದಲ್ಲೂ ತಾಯಿ ಮಗುವನ್ನು ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿದಳೆಂದು ಬರೆದಿದೆಯಂತೆ. ಛತ್ರದಲ್ಲಿ ಜಾಗವಿಲ್ಲದ ಜನ, ನಮ್ಮಂಥವರೇ. ಒಳಪದರಕ್ಕೆ ಬಾಯಮ್ಮನ ತಾಯಿಯ ಸೀರೆ ಹಾಕಿದ್ದೇವೆ. ಗಿರಣಿ ಇದ್ದಾಗ ಫೆಂಟಿನ ಅಂಗಡಿಯಲ್ಲಿ ತಂದಿಟ್ಟಿದ್ದ ಲಾಂಗ್‌ಕ್ಲಾತಿನ ತುಂಡನ್ನು ನಮ್ಮ ಹಿರಿಯ ಮಾಮಾ ಒಬ್ಬರು ಟ್ರಂಕಿನ ತಳದಿಂದ ತೆಗೆದುಕೊಟ್ಟರು. ತನ್ನ ಸಾಂಚಾದಲ್ಲೇ ನೆಯ್ದದ್ದೆಂದು ಅವರ ವಾದ. ಹೌದೋ ಅಲ್ಲವೋ, ಅವರ ಮುಖ ನೋಡಿ ಒಪ್ಪಿಕೊಂಡೆವು. ಅದು ನಡುವಿನ ಬಿಳಿ ಚೌಕ. ಮಂಚದ ಕೆಳಗಿನ ಟೊಪ್ಪಿಗೆಗಳನ್ನೂ ಬಿಚ್ಚಿ ಹಾಕೋಣವೆಂದು ಬಾಯಮ್ಮ ತಂದಿದ್ದರು. ಆದರೆ ಆ ಬಟ್ಟೆ ಮೈಗೆ ಚುಚ್ಚುತ್ತದೆ, ಬಣ್ಣ ಬಿಡುತ್ತದೆ, ಎಳೆಗೂಸಿಗೆ ಆಗದು. ನಾಲ್ಕು ಮೂಲೆಯ ಫುಲಾ ಮಾತ್ರ ಅದರಲ್ಲಿ ಮಾಡಬಹುದೆಂದು ತೀರ್ಮಾನವಾಗಿದೆ. ಎರಡು ಆಗಿವೆ.

ಇನ್ನು ಕೆಲಸದ ಮಾತು. ನಡುವೆ ಒಂದು ಗೇಣಿನಷ್ಟು ಜಾಗವನ್ನು ಮುಂದಿನ ಭಾನುವಾರಕ್ಕೆ ಬಿಟ್ಟುಕೊಳ್ಳಬೇಕು, ಇವತ್ತು ಯಾರೂ ಅವಸರದಲ್ಲಿ ಮುಚ್ಚಬೇಡಿರಿ. ಅಕ್ಕಿ ಇಡುವುದಕ್ಕೆ ಬಾಯಮ್ಮ ಒಪ್ಪಿದ್ದಾರೆ. ಬರುವಾಗ ನೂಲಿನ ಹಳೇ ಬಟ್ಟೆ ಇದ್ದರೆ ತನ್ನಿರಿ, ನೈಲಾನ್ ಬೇಡ. ಬಿಳಿ ದಾರ ಮುಗಿಯುತ್ತ ಬಂದಿದೆ, ಎರಡು ಉಂಡೆ ಬೇಕು. ಹೋಟೆಲಿನಿಂದ ಬರುವ ತಮ್ಮಂದಿರು ಕೈ ಸೋಪಿನಲ್ಲಿ ತೊಳೆದು ಬನ್ನಿರಿ, ಹೋದ ವಾರದ ಸಾಂಬಾರಿನ ಕಲೆ ಆ ಹಸಿರು ತೇಪೆಯ ಮೇಲೆ ಇನ್ನೂ ಇದೆ. ಮೂರು ಗಂಟೆಗೆ ಬಾಗಿಲು ತೆರೆದಿರುತ್ತದೆ.